ತಗ್ಗಿನ ಗದ್ದೆಗೆ ಕನ್ನೈದಿಲೆ ವಾಪಸ್ ತರುವುದು ಹೇಗೆ?

ಕೆಳಗದ್ದೆ (ಸಾಗರ ತಾಲ್ಲೂಕು), ಏಪ್ರಿಲ್ 27

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಅಡಿಕೆ ತೋಟದ ಕೆಳಗೆ ಹದಿನಾಲ್ಕು ಗುಂಟೆ ಗದ್ದೆ ಇದೆ. ಒಂಬತ್ತು ವರ್ಷದಿಂದ ನಾಟಿ ಮಾಡಿಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ತೊಡೆವರೆಗೆ ಹುಗಿಯುವ ಗದ್ದೆ ಅಂತ ಯಾರೂ ಇಳಿಯುವುದಿಲ್ಲ. ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ ಒಂದು, ಒಂದೂವರೆ ಅಡಿ ನೀರು ನಿಲ್ಲುತ್ತದೆ. ಮಾರ್ಚ್ ಹೊತ್ತಿಗೆ ಬಿರುಕು ಬಿಡುತ್ತದೆ. ಆದರೆ ಮೂಲೆಯಲ್ಲಿ ಒಂದು ಜಲ (ಒರತೆ) ಇದೆ, ಅಲ್ಲಿ ಮಾತ್ರ ಬೇಸಿಗೆಯಲ್ಲೂ ಕೆಸರು ಆರುವುದಿಲ್ಲ. ಈಗ ಅರ್ಧ ಗದ್ದೆಯಲ್ಲಿ ಜೊಂಡು ತುಂಬಿಕೊಂಡಿದೆ. ನೋಡಿದವರೆಲ್ಲ "ಜೆಸಿಬಿ ತರಿಸು, ಮಣ್ಣು ತುಂಬಿಸು, ಅಡಿಕೆ ಹಾಕು" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಇರುವ ಅಡಿಕೆಗೇ ಕೊಳೆ ರೋಗ, ಎಲೆಚುಕ್ಕಿ ಅಂತ ಓಡಾಡುವುದು ಸಾಕಾಗಿದೆ.

ಅಮ್ಮ ಮದುವೆಯಾಗಿ ಬಂದಾಗ ಆ ಜಲದ ಮೂಲೆಯಲ್ಲಿ ನೀಲಿ ನೈದಿಲೆ, ಅದೇ ಕನ್ನೈದಿಲೆ, ಇತ್ತಂತೆ. ಗೌರಿ ಹಬ್ಬದ ದಿನ ಬೆಳಿಗ್ಗೆ ಅಜ್ಜಿ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದು ಹೂ ಕೊಯ್ದು ತರುತ್ತಿದ್ದರಂತೆ. ನಾನು ನೋಡಿದ ನೆನಪಿಲ್ಲ.

ಹೋದ ವರ್ಷ ಆನ್‌ಲೈನ್‌ನಲ್ಲಿ "ನೀಲಿ ನೈದಿಲೆ, ದೇಸಿ ತಳಿ" ಅಂತ ನೋಡಿ ಮೂರು ಗೆಡ್ಡೆ ತರಿಸಿದೆ. 450 ರೂಪಾಯಿ. ಒಂದು ಕೊಳೆಯಿತು. ಒಂದನ್ನು ರಾತ್ರಿ ಏನೋ ಕೆದರಿ ತಿಂದಿತು. ಮೂರನೆಯದು ಚೆನ್ನಾಗಿ ಬಂತು, ದೊಡ್ಡ ನೇರಳೆ ಹೂವು, ಘಮ ಘಮ ವಾಸನೆ. ಅಮ್ಮ ಬಂದು ಎಲೆ ಎತ್ತಿ ನೋಡಿದರು. ಎಲೆಯ ನಡುವೆ, ದಂಟು ಸೇರುವ ಜಾಗದಲ್ಲಿ, ಒಂದು ಪುಟಾಣಿ ಗಿಡ ಹುಟ್ಟಿಕೊಂಡಿತ್ತು. "ಇದು ನಮ್ಮದಲ್ಲ ಮಾರಾಯ" ಅಂದುಬಿಟ್ಟರು.

ಈಗ ಕೇಳಬೇಕಾದದ್ದು: ಅದು ಯಾವ ಗಿಡ? ನಿಜವಾದ ನಮ್ಮ ಹೂವು ಎಲ್ಲಿ ಸಿಗುತ್ತದೆ? ಬೇಸಿಗೆಯಲ್ಲಿ ಒಣಗುವ ಗದ್ದೆಯಲ್ಲಿ ಬದುಕುತ್ತದಾ? ಇನ್ನೊಂದು ತಲೆನೋವು, ಪಕ್ಕದ ಮನೆಯವರು ಈಗಲೇ "ಸೊಳ್ಳೆ ಸಾಕ್ತೀಯಾ" ಅಂತ ಶುರು ಮಾಡಿದ್ದಾರೆ.

ಕೊಳಲು_77, ಏಪ್ರಿಲ್ 27

ಸರ್, ನೈದಿಲೆ ಬದಲು ತಾವರೆ ಹಾಕಿ. ಹಬ್ಬದ ಟೈಮಲ್ಲಿ ಒಂದೊಂದು ಹೂವಿಗೂ ಒಳ್ಳೆ ರೇಟ್ ಇದೆ. ಗದ್ದೆ ಖಾಲಿ ಬಿಡುವುದಕ್ಕಿಂತ ನಾಲ್ಕು ಕಾಸು ಬರುತ್ತದೆ ಅಲ್ವಾ?

ಏರಿಮನೆ ಅಕ್ಕ (ಸೊರಬ), ಏಪ್ರಿಲ್ 28

ಸಾಗರದ ತಮ್ಮನಿಗೆ,

ಮೊದಲು ನಿಮ್ಮ ಅಮ್ಮನ ಕಣ್ಣಿಗೆ ನಮಸ್ಕಾರ. ಎಲೆ ಮೇಲೆ ಮರಿ ಕೂರಿಸಿಕೊಳ್ಳುವುದು ನಮ್ಮ ಕನ್ನೈದಿಲೆಯ ಗುಣವಲ್ಲ. ಪಶ್ಚಿಮ ಆಫ್ರಿಕಾದ ಒಂದು ನೈದಿಲೆಗೆ ಆ ಗುಣ ಇದೆ. ಅದನ್ನು ಬೇರೆಯವುಗಳ ಜೊತೆ ಬೆರೆಸಿ ಮಾಡಿದ ತಳಿಗಳೇ ನರ್ಸರಿಗಳಲ್ಲಿ ಜಾಸ್ತಿ. ಮಾರುವವರಿಗೆ ಸುಲಭ, ಎಲೆ ಕಿತ್ತು ನೀರಲ್ಲಿ ಬಿಟ್ಟರೆ ಹೊಸ ಗಿಡ. ತೊಟ್ಟಿಯಲ್ಲಿ ಇಟ್ಟುಕೊಳ್ಳಿ, ಹೂವಂತೂ ಚೆಂದ. ಗದ್ದೆಗೆ, ಹಳ್ಳಕ್ಕೆ ಮಾತ್ರ ಬಿಡಬೇಡಿ. ಹಳದಿ ಹೂವಿನ ಒಂದು ನೈದಿಲೆಯನ್ನೂ ಮಾರುತ್ತಾರೆ, ಮೆಕ್ಸಿಕೋ ಕಡೆಯದು. ಅದು ಕೆಸರೊಳಗೆ ಬಳ್ಳಿ ಓಡಿಸಿ ಹಬ್ಬುತ್ತದೆ. ಅದನ್ನಂತೂ ಮನೆ ಬಾಗಿಲಿಗೇ ತರಬೇಡಿ.

ನಮ್ಮ ಕನ್ನೈದಿಲೆ ಗುರುತು ಹೇಳ್ತೀನಿ. ಎಲೆ ದುಂಡಗೆ, ಒಂದು ಕಡೆ ಸೀಳು, ಅಂಚು ಸ್ವಲ್ಪ ಅಲೆ ಅಲೆ. ದಂಟು ನುಣ್ಣಗೆ. ಹೂವಿಗೆ ಹತ್ತು ಹದಿನೈದು ಎಸಳು, ತಿಳಿ ನೀಲಿ, ಬುಡದಲ್ಲಿ ಬಿಳಿ. ಅಂಗಡಿ ಹೂವಿನ ಹಾಗೆ ಒತ್ತೊತ್ತಾಗಿ ಎಸಳು ತುಂಬಿರುವುದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಎಂಟೂವರೆಗೆ ಬಿಚ್ಚಿಕೊಂಡು ಮಧ್ಯಾಹ್ನದ ಕಾಫಿ ಹೊತ್ತಿಗೆ ಮುಚ್ಚುತ್ತದೆ. ಪುಸ್ತಕದ ಹೆಸರು ನಿಂಫಿಯಾ ನೌಚಾಲಿ. ಶ್ರೀಲಂಕಾದವರು ರಾಷ್ಟ್ರೀಯ ಹೂವು ಅಂತ ಇಟ್ಟುಕೊಂಡಿರುವುದು ಇದನ್ನೇ.

ಇನ್ನೊಂದಿದೆ, ಬಿಳಿಯದು. ಅದರ ಎಲೆ ಅಂಚು ಗರಗಸದ ಹಲ್ಲಿನ ಹಾಗೆ, ಎಲೆಯ ಅಡಿಗೆ ಕೈ ಸವರಿದರೆ ನವಿರಾದ ರೋಮ ಸಿಗುತ್ತದೆ. ಅದು ಸಂಜೆ ಅರಳಿ ಮರುದಿನ ಬಿಸಿಲೇರುವ ತನಕ ಇರುತ್ತದೆ. ನಮ್ಮ ಕವಿಗಳು ಚಂದ್ರನನ್ನು ನೋಡಿ ನೈದಿಲೆ ಅರಳಿತು ಅಂತ ಬರೆದದ್ದೆಲ್ಲ ಇಂಥ ರಾತ್ರಿ ಹೂವಿಗೆ ಸರಿ. ನೀಲಿಯದಕ್ಕೂ ಚಂದ್ರನಿಗೂ ಸಂಬಂಧವಿಲ್ಲ, ಅದು ಪಕ್ಕಾ ಹಗಲಿನ ಹೂವು. ಕರಿ ನೈದಿಲೆ ಕನ್ನೈದಿಲೆ, ಕೆಂಪು ನೈದಿಲೆ ಕೆನ್ನೈದಿಲೆ. ಹಳೆಗನ್ನಡದವರು ಎಷ್ಟು ಚೊಕ್ಕವಾಗಿ ಬೇರೆ ಮಾಡಿದ್ದರು ನೋಡಿ. ನಾವು ಈಗ ಎಲ್ಲದಕ್ಕೂ "ಲಿಲ್ಲಿ" ಅಂತೀವಿ.

ಈಗ ನನ್ನ ಕಥೆ. ನಾನು ಈ ಮನೆಗೆ ಬಂದದ್ದು 1989ರಲ್ಲಿ. ಮನೆ ಹಿಂದೆ ಮುಕ್ಕಾಲು ಎಕರೆಯ ನಮ್ಮದೇ ಒಂದು ಸಣ್ಣ ಕೆರೆ. ಏರಿ ಮೇಲೆ ನಿಂತರೆ ನೀರೇ ಕಾಣದಷ್ಟು ನೀಲಿ. ಆಮೇಲೆ ಮಾವನವರು ಯಾರದೋ ಮಾತು ಕೇಳಿ ಮೀನು ಬಿಟ್ಟರು. ಕಾಟ್ಲಾ, ರೋಹು, ಜೊತೆಗೆ ಹುಲ್ಲುಗೆಂಡೆ. ಎರಡೇ ಮಳೆಗಾಲ, ಕೆರೆ ಬೋಳು. ಹುಲ್ಲುಗೆಂಡೆ ಅಂದರೆ ನೀರಿನೊಳಗಿನ ಮೇಕೆ. ದಿನಕ್ಕೆ ತನ್ನ ತೂಕದಷ್ಟು ಸೊಪ್ಪು ಮೇಯಬಲ್ಲದು. ಚಿಗುರು ನೀರಿನ ಮೇಲೆ ಬರುವ ಮೊದಲೇ ಕತ್ತರಿಸಿ ನುಂಗುತ್ತಿತ್ತು. ಪುಣ್ಯಕ್ಕೆ ಅದು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹಿಡಿದು ಮುಗಿಸಿದರೆ ಮುಗಿಯಿತು.

ಮೀನು ಮುಗಿಯುವ ಹೊತ್ತಿಗೆ ಇನ್ನೊಂದು ಶನಿ ವಕ್ಕರಿಸಿತು. ಸಾಲ್ವೀನಿಯಾ ಅಂತ ತೇಲುವ ಜರಿಗಿಡ, ಬ್ರೆಜಿಲ್ ಕಡೆಯದು. ಮೀನು ಹಿಡಿಯಲು ಬಂದವರ ಬಲೆಗೆ ಅಂಟಿಕೊಂಡು ಬಂತು ಅಂತ ನನ್ನ ಗುಮಾನಿ. ಮೊದಲು ಒಂದು ಹಿಡಿ, ಗಣೇಶನ ಹಬ್ಬದ ಹೊತ್ತಿಗೆ ಕೆರೆ ತುಂಬ. ಕೋಳಿ ಓಡಾಡುವಷ್ಟು ದಪ್ಪ. ಅದರ ಕೆಳಗೆ ಬಿಸಿಲೇ ಇಲ್ಲ, ನೀರು ಕಪ್ಪು, ಕೆಟ್ಟ ವಾಸನೆ.

ಅದನ್ನು ನಾವು ಎರಡು ಬೇಸಿಗೆ ತೆಗೆದೆವು. ನೀರು ಇಳಿದಾಗ ಬಿದಿರಿನ ಗಳಕ್ಕೆ ಹಳೇ ಹಗ್ಗ ಕಟ್ಟಿ ಒಂದು ಮೂಲೆಗೆ ಎಳೆದು, ಬುಟ್ಟಿಯಲ್ಲಿ ಹೊತ್ತು, ಗೊಬ್ಬರದ ಗುಂಡಿಗೆ. ಎಷ್ಟು ಬುಟ್ಟಿ ಅಂತ ಎಣಿಸಿದವರು ಯಾರು? ನನ್ನ ಬಲ ಭುಜ ಇವತ್ತಿಗೂ ಮಳೆ ಬಂದರೆ ನೋಯುತ್ತದೆ. ಅದೇ ವರ್ಷ ನಾನೂ ಅವಸರ ಮಾಡಿದೆ. ಅಣ್ಣನ ಊರಿನಿಂದ ಐದು ಗೆಡ್ಡೆ ತಂದು ಸಿಮೆಂಟ್ ತೊಟ್ಟಿಯಲ್ಲಿ ಇಟ್ಟು, ಗುಲಾಬಿಗೆ ಹಾಕುವ ಹಾಗೆ ಎರಡು ಬುಟ್ಟಿ ಹಸಿ ಸಗಣಿ ಸುರಿದೆ. ಎಂಟು ದಿನಕ್ಕೆ ನೀರು ಹಸಿರು ಪಾಯಸ. ಹದಿನೈದು ದಿನಕ್ಕೆ ಗೆಡ್ಡೆ ಒತ್ತಿದರೆ ಬೆಂದ ಗೆಣಸಿನ ಹಾಗೆ ಪಿಚಕ್ ಅಂದಿತು. ಐದಕ್ಕೆ ಐದೂ ಹೋದವು.

ಮೂರನೇ ಮಳೆಗಾಲ, ಜುಲೈ. ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ನೀರಿನ ಅಡಿಯಲ್ಲಿ ಕೆಂಪು ಕೆಂಪಾಗಿ ಮಡಚಿಕೊಂಡ ಎಲೆ ಕಂಡಿತು. ನಾಟಿ ವೀಳ್ಯದೆಲೆ ಸುತ್ತಿಟ್ಟ ಹಾಗೆ, ಎರಡೂ ಅಂಚು ಒಳಗೆ ಸುರುಳಿ. ಕೈ ಹಾಕಲಿಲ್ಲ. ಮರುದಿನ ಅದು ಇನ್ನೂ ಅರ್ಧ ಗೇಣು ಮೇಲೆ ಬಂದಿತ್ತು. ನಾವು ಒಂದು ಗೆಡ್ಡೆಯನ್ನೂ ಅಲ್ಲಿ ನೆಟ್ಟಿರಲಿಲ್ಲ. ಅಷ್ಟು ವರ್ಷ ಅದು ಆ ಕೆಸರಿನಲ್ಲೇ ಕಾಯುತ್ತಾ ಕೂತಿತ್ತು.

ಅದಕ್ಕೇ ಹೇಳೋದು, ಹೊರಗಿನಿಂದ ತರುವ ಮೊದಲು ನಿಮ್ಮ ಮಣ್ಣನ್ನೇ ಕೇಳಿ ನೋಡಿ. ಮಳೆ ಹಿಡಿಯುವ ಮುಂಚೆ ಆ ಜಲದ ಮೂಲೆಯ ಆಸುಪಾಸಿನಲ್ಲಿ ಐದಾರು ಕಡೆಯಿಂದ ಒಂದೊಂದು ಬುಟ್ಟಿ ಕೆಸರು ತೆಗೆಯಿರಿ. ಜಾಸ್ತಿ ಆಳ ಬೇಡ, ಮೇಲಿನ ಒಂದು ಗೇಣು ಸಾಕು. ಬೇರೆ ಬೇರೆ ಟಬ್ಬಿಗೆ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಬಿಸಿಲಿಗೆ ಇಡಿ. ಯಾವ ಟಬ್ಬು ಎಲ್ಲಿಯ ಮಣ್ಣು ಅಂತ ಗುರುತು ಹಾಕಿ. ಎರಡು ಮೂರು ತಿಂಗಳು ಸುಮ್ನೆ ನೋಡಿ.

ಒಣಗುವುದರ ಬಗ್ಗೆ ಹೆದರಬೇಡಿ. ನೀರು ಆರಿದರೆ ಎಲೆ ಸಾಯುತ್ತದೆ. ಕೆಸರೊಳಗೆ ಗೆಡ್ಡೆ, ಸುಮಾರು ಸುಲಿದ ಅಡಿಕೆ ಗಾತ್ರದ್ದು, ನಿದ್ದೆ ಮಾಡುತ್ತದೆ. ನಿಮ್ಮದು ರಾತ್ರಿ ಕೆದರಿ ತಿಂದದ್ದು ಕಾಡುಹಂದಿ ಇರಬೇಕು, ಅವಕ್ಕೆ ಈ ಗೆಡ್ಡೆ ಪಂಚಪ್ರಾಣ. ಬೇಸಿಗೆಯಲ್ಲಿ ಆ ಮೂಲೆಗೆ ಮುಳ್ಳು ಎಳೆದು ಹಾಕಿ.

ಜೊಂಡಿನ ಉಪಾಯ ಒಂದು ಹೇಳ್ತೀನಿ. ಬೇರು ಸಮೇತ ಕೀಳಲು ಹೋದರೆ ನಡು ಮುರಿಯುತ್ತದೆ. ನೀರು ಏರುವ ಮೊದಲು ಬುಡಕ್ಕೆ ಹತ್ತಿರವಾಗಿ ಕೊಯ್ದುಬಿಡಿ, ಆ ಕೂಳೆ ಮೇಲೆ ನೀರು ನಿಲ್ಲಬೇಕು. ಅದು ಎಲೆಯಿಂದಲೇ ಬೇರಿಗೆ ಗಾಳಿ ಕಳಿಸುವ ಗಿಡ. ಕೂಳೆ ಮುಳುಗಿದರೆ ಉಸಿರು ಕಟ್ಟಿ ಕೊಳೆಯುತ್ತದೆ. ಮತ್ತೆ ಇಣುಕಿದ್ದನ್ನು ನೀರೊಳಗೇ ಕುಡುಗೋಲು ಆಡಿಸಿ. ಪೂರ್ತಿ ಬೋಳಿಸಬೇಡಿ, ಒಂದು ಪಕ್ಕ ಬಿಡಿ. ಜಂಬುಕೋಳಿಗೆ ಮನೆ ಬೇಕು. ಅದು ನೈದಿಲೆ ಮೊಗ್ಗು ತಿನ್ನುತ್ತದೆ ಅನ್ನೋದು ಬೇರೆ ಮಾತು. ನಮ್ಮಲ್ಲಿ ಹತ್ತಕ್ಕೆ ಎರಡು ಅದಕ್ಕೆ, ಎಂಟು ನಮಗೆ.

ಕೊನೆಯದು, ಇದನ್ನು ಮರೆಯಬೇಡಿ. ನಿಮ್ಮ ತೋಟ ಮೇಲೆ, ಗದ್ದೆ ಕೆಳಗೆ. ಅಡಿಕೆಗೆ ಬೋರ್ಡೋ (ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಡ್ರಮ್ಮು, ದೋಟಿ, ಪೈಪು ಎಲ್ಲ ಎಲ್ಲಿ ತೊಳೀತೀರಿ? ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಆ ತೊಳೆದ ನೀರು ಗದ್ದೆಗೆ ಇಳಿದರೆ ಮೀನಿಗೂ ಕಪ್ಪೆ ಮರಿಗೂ ಒಳ್ಳೆಯದಲ್ಲ. ತೋಟದ ಮೇಲಿನ ಬದಿಯಲ್ಲಿ ಒಂದು ಗುಂಡಿ ಮಾಡಿ ಅಲ್ಲೇ ತೊಳೆಯಿರಿ. ಕಳೆನಾಶಕದ ಹೆಸರೇ ಎತ್ತಬೇಡಿ.

ಕೊಳಲು ಅವರಿಗೆ: ತಾವರೆಗೆ ನಾನು ವಿರೋಧಿಯಲ್ಲ, ಅದೂ ನಮ್ಮದೇ. ಆದರೆ ಹದಿನಾಲ್ಕು ಗುಂಟೆಗೆ ಒಂದು ತಾವರೆ ಬಿಟ್ಟರೆ ಕೆಲವು ವರ್ಷದಲ್ಲಿ ಅದೊಂದೇ ಇರುತ್ತದೆ. ಅದರ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಕೆಳಗೆಲ್ಲ ಕತ್ತಲೆ.

ಕೆಳಗದ್ದೆ, ಏಪ್ರಿಲ್ 28

ಅಕ್ಕಾ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಸಗಣಿ ಕಥೆಗೆ ಬಿದ್ದು ಬಿದ್ದು ನಕ್ಕರು. ಅವರೂ ನನಗೆ ಸಗಣಿ ಹಾಕು ಅಂದಿದ್ದರು!

ಡ್ರಮ್ಮು ತೊಳೆಯುವ ಮಾತು ಓದಿ ನಾಚಿಕೆಯಾಯಿತು. ಇಷ್ಟು ವರ್ಷ ತೊಳೆದದ್ದು ಆ ಗದ್ದೆಯ ಬದುವಿನ ಮೇಲೇ. ಅಲ್ಲಿ ನೀರು ಕೈಗೆ ಸಿಗುತ್ತಿತ್ತು, ಅಷ್ಟೇ.

ಬಿಸಿಲು ಎಷ್ಟು ಬೇಕು? ಪಶ್ಚಿಮಕ್ಕೆ ತೋಟದ ನೆರಳು ಬೀಳುತ್ತದೆ. ಮೂರು ಗಂಟೆ ಮೇಲೆ ಬಿಸಿಲಿಲ್ಲ. ಸೊಳ್ಳೆ ವಿಷಯ ಯಾರಾದರೂ ಹೇಳಿ.

ಏರಿಮನೆ ಅಕ್ಕ, ಏಪ್ರಿಲ್ 29

ಬೆಳಗಿನ ಬಿಸಿಲು ಐದಾರು ಗಂಟೆ ಸಿಕ್ಕರೆ ಸಾಕು. ಹೂವೂ ಅದೇ ಹೊತ್ತಿನದ್ದು ತಾನೆ. ನೆರಳು ಜಾಸ್ತಿಯಾದರೆ ಎಲೆ ಮಾತ್ರ ಬರುತ್ತದೆ.

ಕೃಷಿಕ_ರಾಯಚೂರು, ಏಪ್ರಿಲ್ 29

ಸೊಳ್ಳೆ ಬಗ್ಗೆ ನಾನು ಹೇಳಬಲ್ಲೆ. ಊರು ರಾಯಚೂರು, ಓದಿದ್ದು ಬೆಂಗಳೂರಿನಲ್ಲಿ ಕೃಷಿ.

ಯಾರಾದರೂ "ಗಂಬೂಸಿಯಾ ಮೀನು ಬಿಡಿ, ಸೊಳ್ಳೆ ಹೋಗುತ್ತದೆ" ಅಂದರೆ ಕೇಳಬೇಡಿ. ಅಮೆರಿಕದ ಮೀನು ಅದು, 1928ರಲ್ಲಿ ನಮ್ಮ ದೇಶಕ್ಕೆ ತಂದರು. ಸೊಳ್ಳೆ ಮರಿ ತಿನ್ನುತ್ತದೆ ನಿಜ, ಆದರೆ ಕಪ್ಪೆ ಮರಿ, ಬೇರೆ ಮೀನಿನ ಮೊಟ್ಟೆ, ಏನನ್ನೂ ಬಿಡುವುದಿಲ್ಲ. ಗಪ್ಪಿಯೂ ಹೊರಗಿನದೇ. ನಿಮ್ಮ ಹಳ್ಳದಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡ ಹಾಗೆ ಓಡಾಡುವ, ನೆತ್ತಿ ಮೇಲೆ ಬೆಳ್ಳಿ ಚುಕ್ಕಿ ಇರುವ ಸಣ್ಣ ಮೀನು ಇರುತ್ತದೆ. ಹತ್ತಿಪ್ಪತ್ತು ಹಿಡಿದು ಬಿಡಿ. ಏರೋಪ್ಲೇನ್ ಚಿಟ್ಟೆಯ ಮರಿಗಳು ತಾವೇ ಬಂದು ಸೇರುತ್ತವೆ, ಅವೂ ಸೊಳ್ಳೆ ಮರಿಯನ್ನೇ ತಿನ್ನುವುದು.

ನಿಜವಾಗಿ ನೋಡಿದರೆ ಗದ್ದೆಗಿಂತ ಆ ಟಬ್ಬುಗಳ ಮೇಲೆ ಕಣ್ಣಿಡಿ. ಡೆಂಗ್ಯೂ ಸೊಳ್ಳೆಗೆ ಬೇಕಾದದ್ದು ಮನೆ ಹತ್ತಿರದ ಡ್ರಮ್ಮು, ಟಬ್ಬು, ಟೈರು. ಪ್ರತಿ ಟಬ್ಬಿಗೂ ಅದೇ ಮೀನು ಎರಡೆರಡು ಬಿಡಿ, ಇಲ್ಲ ಸೊಳ್ಳೆಪರದೆ ಕಟ್ಟಿ. ಪಕ್ಕದ ಮನೆಯವರನ್ನು ಕರೆದು ತೋರಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅಕ್ಕ ಹೇಳಿದ ಸಾಲ್ವೀನಿಯಾ ಕಥೆ ಓದಿ ಕಾಲೇಜಿನ ಪಾಠ ನೆನಪಾಯಿತು. 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳ ಇದೇ ಕಳೆಯಿಂದ ಮುಚ್ಚಿಹೋಗಿತ್ತು. ಆಸ್ಟ್ರೇಲಿಯಾದಿಂದ ತರಿಸಿದ ಒಂದು ಮೂತಿಹುಳುವನ್ನು ಅದಕ್ಕೆ ಬಿಟ್ಟರು. ಎಳ್ಳಿನ ಕಾಳಿನಂಥ ಹುಳು, ಸಾಲ್ವೀನಿಯಾ ಬಿಟ್ಟು ಬೇರೆ ಗಿಡ ಅದರ ಹೊಟ್ಟೆಗೆ ಆಗುವುದಿಲ್ಲ. ಹನ್ನೊಂದು ತಿಂಗಳಲ್ಲಿ ಕಳೆ ಕುಸಿಯಿತು. ಅದರಡಿ ಸೊರಗಿದ್ದ ನೈದಿಲೆ ಮತ್ತೆ ಎದ್ದು ಬಂತು. ಅಕ್ಕ ಭುಜದಿಂದ ಮಾಡಿದ್ದನ್ನು ಅಲ್ಲಿ ಹುಳು ಮಾಡಿತು.

ಏರಿಮನೆ ಅಕ್ಕ, ಏಪ್ರಿಲ್ 29

ಆ ಹುಳುವಿನ ವಿಷಯ ಆಗ ಯಾರಾದರೂ ಹೇಳಿದ್ದರೆ ನನ್ನ ಭುಜ ಉಳಿಯುತ್ತಿತ್ತಲ್ಲಪ್ಪ!

ಬಯಲುಸೀಮೆ (ತುಮಕೂರು ಜಿಲ್ಲೆ), ಮೇ 2

ಮಲೆನಾಡಿನವರ ಮಾತಿನ ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಕಡೆ ಕೆರೆ ತುಂಬುವುದೇ ಒಂದು ಸುದ್ದಿ. ನಮ್ಮೂರ ಕೆರೆ ನಾಲ್ಕು ವರ್ಷ ಪೂರ್ತಿ ಒಣಗಿತ್ತು. ಹುಡುಗರು ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು, ಪಿಚ್ ಕೂಡ ಮಾಡಿದ್ದರು. 2022ರ ಮಳೆಗೆ ಕೋಡಿ ಹರಿಯಿತು. ಊರಿನ ಹೆಂಗಸರು ಬಾಗಿನ ಬಿಟ್ಟರು. ಆಮೇಲೆ ಮೂರು ತಿಂಗಳಿಗೆ ಹಳೇ ಪಿಚ್ ಇದ್ದ ಜಾಗದ ಸುತ್ತ ನೈದಿಲೆ ಎಲೆ. ಯಾರೂ ತಂದು ಹಾಕಿದ್ದಲ್ಲ. ಹೂಳು ಎತ್ತಲು ಜೆಸಿಬಿ ಬಾರದ ಕಡೆ ಮಾತ್ರ ಬಂದಿತ್ತು, ಇದನ್ನು ಗಮನಿಸಿ. ಗೋಡು ಮಣ್ಣು ಅಂತ ಮೂರಡಿ ಎತ್ತಿ ಹೊಲಕ್ಕೆ ಸಾಗಿಸಿದ ಕಡೆ ಇವತ್ತಿಗೂ ಬೋಳು. ಗೆಡ್ಡೆ ಬೀಜ ಎಲ್ಲ ಟ್ರ್ಯಾಕ್ಟರ್ ಹತ್ತಿ ಹೋದವು.

ಇನ್ನೊಂದು ಮಾತು. ಟಬ್ಬಿನಲ್ಲಿ ಏನೂ ಬರದಿದ್ದರೆ ಹತ್ತಿರದ ಕೆರೆಗೆ ಹೋಗಿ ಗೆಡ್ಡೆ ಕೀಳಬೇಡಿ. ನಮ್ಮ ಕೆರೆಗೆ ಹೋದ ವರ್ಷ ಒಂದು ಗಾಡಿ ಬಂದು ಒಂದೇ ಬೆಳಿಗ್ಗೆ ಎರಡು ಮೂಟೆ ಗೆಡ್ಡೆ ತುಂಬಿಕೊಂಡು ಹೋಯಿತು. ಕೇಳಿದರೆ ತೋಟಗಾರಿಕೆಗೆ ಅಂದರು. ಬೀಜ ತನ್ನಿ, ಕೆರೆಗೆ ನಷ್ಟವಿಲ್ಲ.

ಏರಿಮನೆ ಅಕ್ಕ, ಮೇ 2

ಬಯಲುಸೀಮೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಅಣ್ಣನ ಊರಿನಿಂದ ಐದು ಗೆಡ್ಡೆ ತಂದು ಕೊಂದವಳು, ನನಗೆ ಹೇಳುವ ಬಾಯಿಲ್ಲ. ಬೀಜದ ದಾರಿ ಹೀಗೆ.

ಹೂವು ಮೂರು ನಾಲ್ಕು ದಿನ ತೆರೆದು ಮುಚ್ಚುತ್ತದೆ. ಮೊದಲ ದಿನ ಹೂವಿನ ನಡುವಿನ ಬಟ್ಟಲಲ್ಲಿ ಒಂದು ತೊಟ್ಟು ಅಂಟು ನೀರು ಇರುತ್ತದೆ, ಪುಡಿ ಉದುರುವುದು ಎರಡನೇ ದಿನದಿಂದ. ಮೊದಲ ದಿನ ಬೇರೆ ಹೂವಿನ ಪುಡಿ ಮೆತ್ತಿಕೊಂಡ ಜೇನುಹುಳು ಅದರಲ್ಲಿ ಜಾರಿ ಬಿದ್ದು ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲಸ ಮುಗಿದ ಮೇಲೆ ದಂಟು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಕಾಯಿಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ. ಆಗಲೇ ಒಂದು ತೆಳು ಬಟ್ಟೆ, ಹಳೇ ಮಲ್ಲು ಪಂಚೆ ತುಂಡು, ಕಾಯಿಗೆ ಸಡಿಲವಾಗಿ ಕಟ್ಟಿಬಿಡಿ. ದಾರದ ಇನ್ನೊಂದು ತುದಿಗೆ ಒಂದು ಬೆಂಡು ಕಟ್ಟಿ, ಇಲ್ಲದಿದ್ದರೆ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಮೂರು ನಾಲ್ಕು ವಾರಕ್ಕೆ ಕಾಯಿ ತಾನೇ ಒಡೆಯುತ್ತದೆ. ಬಟ್ಟೆ ಕಟ್ಟದಿದ್ದರೆ ಬೀಜ ತೇಲಿ ಎಲ್ಲಿಗೋ ಹೋಗಿ, ಆಮೇಲೆ ಮುಳುಗಿ ಕೂರುತ್ತದೆ. ಅದರ ಸಂಚಾರವೇ ಹಾಗೆ.

ಬಟ್ಟೆ ಬಿಚ್ಚಿದರೆ ಕಾಮಕಸ್ತೂರಿ ಬೀಜ ನೆನೆಸಿಟ್ಟ ಹಾಗೆ ಲೋಳೆ ಲೋಳೆ. ಒಳಗಿನ ಕಾಳು ರಾಗಿಯಷ್ಟೂ ಇಲ್ಲ. ಒಂದು ಕಾಯಲ್ಲಿ ಎಣಿಸಲಾರದಷ್ಟು. ಮೂರು ಬೆರಳು ಗದ್ದೆ ಮಣ್ಣು, ಮೇಲೆ ಮೂರು ಬೆರಳು ನೀರು, ಬೀಜ ಉದುರಿಸಿ ಬಿಡಿ. ಒತ್ತಬೇಡಿ. ಗೊಬ್ಬರ ಬೇಡ, ಹೇಳಬೇಕಾ? ಮೊದಲು ಹುಲ್ಲಿನ ಎಳೆಯಂಥ ಎಲೆ, ಆಮೇಲೆ ನೀರೊಳಗೇ ಇರುವ ತೆಳು ಎಲೆ. ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಎಲೆ ತೇಲಲು ಶುರುವಾದ ಮೇಲೆ ಗದ್ದೆಗೆ. ನೀರನ್ನು ಒಮ್ಮೆಗೇ ಏರಿಸಬೇಡಿ. ನಿಧಾನ ಏರಿದರೆ ದಂಟೂ ಜೊತೆಗೆ ಉದ್ದವಾಗುತ್ತದೆ. ಹೂವು ಬರುವುದು ಮುಂದಿನ ಮಳೆಗಾಲಕ್ಕೇ ಅಂತ ಇಟ್ಟುಕೊಳ್ಳಿ.

ಕೆರೆಗೆ ಹೋಗುವಾಗ ಪಂಚಾಯಿತಿಯಲ್ಲೋ, ಮೀನು ಹರಾಜು ಹಿಡಿದವರ ಹತ್ತಿರವೋ ಒಂದು ಮಾತು ಕೇಳಿ. ಎರಡು ಕಾಯಿಗೆ ಯಾರೂ ಬೇಡ ಅನ್ನುವುದಿಲ್ಲ. ಹೇಳದೆ ಇಳಿದರೆ ಮೀನು ಕಳ್ಳ ಅಂತ ಓಡಿಸುತ್ತಾರೆ.

ಕೆಳಗದ್ದೆ, ಸೆಪ್ಟೆಂಬರ್ 19

ನಾಲ್ಕು ತಿಂಗಳಾಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೇ 6ಕ್ಕೆ ಐದು ಟಬ್ಬು ಇಟ್ಟೆ. ಒಂದನ್ನು ನಾಯಿ ಉರುಳಿಸಿತು. ಎರಡರಲ್ಲಿ ಬರೀ ಜೊಂಡು, ಜೇಕು. ನಾಲ್ಕನೆಯದರಲ್ಲಿ ನೀರು ಬ್ರಾಹ್ಮಿ, ಅಮ್ಮ ತಂಬುಳಿಗೆ ಕೊಯ್ದರು. ಐದನೆಯದರಲ್ಲಿ, ಜಲದ ಹತ್ತಿರದ ಮಣ್ಣು ಅದು, ಜುಲೈ ಎರಡನೇ ವಾರ ದುಂಡು ಎಲೆ, ಒಂದು ಕಡೆ ಸೀಳು! ಮನೆಯವರೆಲ್ಲ ಟಬ್ಬಿನ ಸುತ್ತ. ಅಮ್ಮ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ. ಆಗಸ್ಟಿನಲ್ಲಿ ಹೂವು ಬಂತು. ಬಿಳಿ, ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಐದು ಎಸಳು, ನಡುವೆ ಹಳದಿ, ಎಸಳಿನ ಮೇಲೆಲ್ಲ ಹತ್ತಿ ಹಿಂಜಿ ಅಂಟಿಸಿದ ಹಾಗೆ ರೋಮ. ಫೋಟೋ ಹಾಕಿದ್ದೇನೆ. ಇದು ನೈದಿಲೆಯ ಮರಿಯಾ? ದೊಡ್ಡದಾದ ಮೇಲೆ ನೀಲಿ ಆಗುತ್ತದಾ? (ಕೇಳುವಾಗಲೇ ಉತ್ತರ ಗೊತ್ತಿದೆ ಅನ್ನಿಸುತ್ತಿದೆ.)

ಜೊಂಡು ಉಪಾಯ ಮಾತ್ರ ಕೆಲಸ ಮಾಡಿತು. ಮೇ ಕೊನೆಗೆ ಇಬ್ಬರು ಸೇರಿ ಒಂದೂವರೆ ದಿನದಲ್ಲಿ ಕೊಯ್ದೆವು, ಜೂನ್ 20ಕ್ಕೆ ಕೂಳೆ ಮುಳುಗಿತು. ಈಗ ಹತ್ತಕ್ಕೆ ಎರಡು ಚಿಗುರಿವೆ, ಅಷ್ಟೇ. ಅರ್ಧ ಗದ್ದೆ ತಿಳಿನೀರು. ಬೋರ್ಡೋ ಡ್ರಮ್ಮಿಗೆ ಮೇಲೆ ಗುಂಡಿ ತೋಡಿದ್ದಾಯಿತು. ಔಷಧಿ ಹೊಡೆಯುವ ಕೊನೆಗೌಡ ಮೊದಲ ದಿನ ಗೊಣಗಿದ, ಅಷ್ಟು ದೂರ ಡ್ರಮ್ಮು ಉರುಳಿಸಬೇಕಲ್ಲ ಅಂತ.

ಏರಿಮನೆ ಅಕ್ಕ, ಸೆಪ್ಟೆಂಬರ್ 19

ತಮ್ಮಾ, ಇದು ನೈದಿಲೆ ಅಲ್ಲ. ನೈದಿಲೆಯ ಸಂಬಂಧಿಯೂ ಅಲ್ಲ, ಎಲೆ ಮಾತ್ರ ಅದರ ಹಾಗೆ. ನಿಂಫಾಯ್ಡಿಸ್ ಅಂತ ಬೇರೆಯದೇ ಕುಲ. ಎಲೆಯನ್ನು ಮೆಲ್ಲಗೆ ಎತ್ತಿ ನೋಡಿ. ಹೂವಿನ ಗೊಂಚಲು ಎಲೆಯ ಕೆಳಗೇ, ದಂಟಿನ ಗಂಟಿನಿಂದ ಹೊರಟಿರುತ್ತದೆ. ನೈದಿಲೆಯಾದರೆ ಪ್ರತಿ ಹೂವಿನ ದಂಟೂ ಸೀದಾ ಕೆಸರಿನ ಗೆಡ್ಡೆಯಿಂದಲೇ ಬರಬೇಕು. ಇದರ ಒಂದು ಹೂವು ಇರುವುದು ಒಂದೇ ದಿನ, ಆದರೆ ಮರುದಿನ ಅಲ್ಲೇ ಇನ್ನೊಂದು.

ಬೇಸರ ಮಾಡಿಕೊಳ್ಳಬೇಡಿ. ಇದೂ ನಮ್ಮ ನೀರಿನದೇ ಗಿಡ. ಗದ್ದೆಗೆ ಬಿಡಿ. ನಮ್ಮ ಕೆರೆಯಲ್ಲಿ ಕನ್ನೈದಿಲೆ ಆಳದ ಕಡೆ, ಇದು ಅಂಚಿನ ಕಡೆ, ಜಗಳ ಇಲ್ಲ. ಈಗ ಸೆಪ್ಟೆಂಬರ್, ಕಾಯಿ ಕಟ್ಟುವ ಕಾಲ. ಹೊರಡಿ ಕೆರೆ ಹುಡುಕಿ. ನಿಮ್ಮ ತಾಲ್ಲೂಕಿನಲ್ಲಿ ಕೆರೆಗೇನು ಬರವೇ? ಹತ್ತಿರದ್ದೇ ಇರಲಿ, ಅದೇ ಹಳ್ಳದ ನೀರು ಕುಡಿದದ್ದಾದರೆ ಇನ್ನೂ ಒಳ್ಳೆಯದು.

ಕೆಳಗದ್ದೆ, ಅಕ್ಟೋಬರ್ 4

ಅಕ್ಕಾ, ಸಿಕ್ಕಿತು. ಮನೆಯಿಂದ ನಾಲ್ಕು ಕಿಲೋಮೀಟರ್, ಒಂದು ಹಳೇ ದೇವಸ್ಥಾನದ ಹಿಂದಿನ ಕೆರೆ. ನಮ್ಮ ಹಳ್ಳ ಹುಟ್ಟುವುದು ಅದರ ಕೋಡಿಯಿಂದಲೇ. ಅದೇ ದಾರಿಯಲ್ಲಿ ಇಷ್ಟು ವರ್ಷ ಬೈಕ್ ಓಡಿಸಿದ್ದೇನೆ. ಸಂಜೆ ಹೊತ್ತು ಹೋಗುತ್ತಿದ್ದುದರಿಂದ ಹೂವು ಮುಚ್ಚಿರುತ್ತಿತ್ತು, ಕಾಣಲೇ ಇಲ್ಲ.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಹತ್ತು ಗಂಟೆ. ಎಸಳು ಎಣಿಸಿದೆ, ಹನ್ನೆರಡು. ಎಲೆ ಮೇಲೆ ಮರಿ ಇಲ್ಲ. ದಂಟು ನುಣ್ಣಗೆ. ಅಮ್ಮ ಏನೂ ಮಾತಾಡಲಿಲ್ಲ, ಏರಿ ಮೇಲೆ ಕೂತು ನೋಡಿದರು. ಆಮೇಲೆ "ಹ್ಞೂಂ, ಇದೇ" ಅಂದರು.

ಮೀನು ಹಿಡಿದವರು ಒಪ್ಪಿದರು. ಹುಲ್ಲುಗೆಂಡೆ ಬಿಟ್ಟಿದ್ದೀರಾ ಅಂತ ಕೇಳಿದೆ, ಈ ವರ್ಷ ಇಲ್ಲ, ಮುಂದಿನ ವರ್ಷ ನೋಡಬೇಕು ಅಂದರು. ಅಕ್ಕನ ಕೆರೆಯ ಕಥೆಯನ್ನು ಅವರಿಗೂ ಹೇಳಿ ಬಂದಿದ್ದೇನೆ. ಎಷ್ಟು ತಲೆಗೆ ಹೋಯಿತೋ.

ಮೂರು ಕಾಯಿಗೆ ಅಮ್ಮನ ಹಳೇ ವಾಯಿಲ್ ಸೀರೆಯ ತುಂಡು ಕಟ್ಟಿದ್ದೇವೆ. ಬೆಂಡು ಸಿಗಲಿಲ್ಲ, ನೀಲಗಿರಿ ಎಣ್ಣೆಯ ಖಾಲಿ ಬಾಟಲಿ ಕಟ್ಟಿದ್ದೇನೆ. ನಿನ್ನೆ ಹೋಗಿ ಮುಟ್ಟಿ ನೋಡಿದೆ, ಕಾಯಿ ಇನ್ನೂ ಗಟ್ಟಿ. ಒಂದು ಬಾಟಲಿ ಮಾತ್ರ ಕಾಣೆಯಾಗಿದೆ, ಜಂಬುಕೋಳಿಯೋ ಹುಡುಗರೋ ಗೊತ್ತಿಲ್ಲ. ಉಳಿದೆರಡು ಒಡೆದ ಮೇಲೆ ಬರೆಯುತ್ತೇನೆ.